ಲಂಡನ್‌ನಿಂದ ಸಿಡ್ನಿಗೆ: ಒಂದು ದೂರದ ಚರಿತ್ರೆ

ಎರಡು ಊರುಗಳ ನಡುವೆ ಎಷ್ಟು ದೂರ ಎಂದು ಕೇಳಿದರೆ ನಮ್ಮ ಹಿರಿಯರು ಮೈಲಿ ಲೆಕ್ಕ ಹೇಳುತ್ತಿರಲಿಲ್ಲ. ಹತ್ತಿರವಿದ್ದರೆ ‘ಕೂಗಳತೆ’ ಎನ್ನುತ್ತಿದ್ದರು. ದೂರವಿದ್ದರೆ ‘ಒಂದು ದಿನದ ದಾರಿ’, ‘ಎರಡು ರಾತ್ರಿಯ ಗಾಡಿ ಪಯಣ’ ಎನ್ನುತ್ತಿದ್ದರು. ಮಧ್ಯಯುಗದ ಅರಬ್ ಭೂಗೋಳಶಾಸ್ತ್ರಜ್ಞರೂ ಒಂದು ದಿನದ ಪ್ರಯಾಣವನ್ನು ‘ಮರ್ಹಲಾ’ ಎಂದು ಕರೆದು ಅದನ್ನೇ ಅಳತೆಯ ಮಾನವಾಗಿ ಬಳಸಿದ್ದರು. ದೂರವೂ ಕಾಲವೂ ಅವರ ಪಾಲಿಗೆ ಬೇರೆ ಬೇರೆಯಾಗಿರಲಿಲ್ಲ.

ಇಂದು ಹಾಗಲ್ಲ. ಎರಡು ವಿಮಾನ ನಿಲ್ದಾಣಗಳ ಹೆಸರು ಹೇಳಿದರೆ ದೂರ ಒಂದು ಅಂಕಿಯಾಗಿ, ಪ್ರಯಾಣದ ಅವಧಿ ಇನ್ನೊಂದು ಅಂಕಿಯಾಗಿ ಕ್ಷಣಮಾತ್ರದಲ್ಲಿ ದೊರೆಯುತ್ತವೆ. ಆ ಅಂಕಿಗಳ ಹಿಂದೆ ಎಷ್ಟು ಜನರ ದುಡಿಮೆ, ಎಷ್ಟು ದೇಶಗಳ ಒಪ್ಪಂದ, ಎಷ್ಟು ಪ್ರಾಣಹಾನಿ ಅಡಗಿದೆ ಎಂಬುದು ಮಾತ್ರ ಕಾಣುವುದಿಲ್ಲ. ಅದನ್ನು ತಿಳಿಯಲು ಜಗತ್ತಿನ ಅತ್ಯಂತ ಪ್ರಸಿದ್ಧ ದೂರಮಾರ್ಗಗಳಲ್ಲಿ ಒಂದಾದ ಲಂಡನ್–ಸಿಡ್ನಿ ಮಾರ್ಗವನ್ನು ಪರಿಶೀಲಿಸುವುದು ಉಪಯುಕ್ತ.

ಲಂಡನ್ನಿನ ಹೀಥ್ರೂ ಮತ್ತು ಸಿಡ್ನಿಯ ವಿಮಾನ ನಿಲ್ದಾಣಗಳ ನಡುವಿನ ಅತಿ ಹತ್ತಿರದ ದೂರ ಸುಮಾರು 17,000 ಕಿ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಆದ್ದರಿಂದ ಭೂಮಿಯ ಮೇಲಿನ ಯಾವುದೇ ಎರಡು ಸ್ಥಳಗಳು 20,000 ಕಿ.ಮೀ.ಗಿಂತ ಹೆಚ್ಚು ದೂರದಲ್ಲಿ ಇರಲು ಸಾಧ್ಯವಿಲ್ಲ. ಈ ಎರಡು ನಗರಗಳು ಆ ಮಿತಿಗೆ ಸಾಕಷ್ಟು ಸಮೀಪದಲ್ಲಿವೆ. ಕಳೆದ ಎರಡು ಶತಮಾನಗಳಲ್ಲಿ ಈ ದೂರ ಗಮನಾರ್ಹವಾಗಿ ಕಡಿಮೆಯಾಗಿಲ್ಲ. ಆದರೆ ಅದನ್ನು ದಾಟಲು ಬೇಕಾದ ಕಾಲ ಎಂಟು ತಿಂಗಳಿಂದ ಒಂದು ದಿನಕ್ಕಿಂತಲೂ ಕಡಿಮೆಗೆ ಇಳಿದಿದೆ. ಇದನ್ನು ಇಳಿಸಿದ್ದು ಯಾವುದು? ‘ವಿಮಾನದ ವೇಗ’ ಎಂಬುದು ಎಲ್ಲರೂ ಹೇಳುವ ಉತ್ತರ. ಆ ಉತ್ತರ ಅರ್ಧ ಸತ್ಯ ಮಾತ್ರ ಎಂಬುದನ್ನು ಈ ಮಾರ್ಗದ ಚರಿತ್ರೆ ತೋರಿಸಿಕೊಡುತ್ತದೆ.

ದೂರವನ್ನು ಅಳೆಯುವ ವಿದ್ಯೆ

ಲಂಡನ್ನಿನಿಂದ ಸಿಡ್ನಿಯವರೆಗೆ ಯಾರೂ ಹಗ್ಗ ಹಿಡಿದು ಅಳೆದಿಲ್ಲ. ಎರಡೂ ಸ್ಥಳಗಳ ಅಕ್ಷಾಂಶ ಮತ್ತು ರೇಖಾಂಶಗಳು ತಿಳಿದಿದ್ದರೆ ಸಾಕು, ಗೋಳದ ಮೇಲಿನ ತ್ರಿಕೋನಮಿತಿಯ ಸೂತ್ರದಿಂದ ದೂರವನ್ನು ಲೆಕ್ಕ ಹಾಕಬಹುದು. ಗೋಳದ ಮೇಲೆ ಎರಡು ಬಿಂದುಗಳನ್ನು ಸೇರಿಸುವ ಅತಿ ಚಿಕ್ಕ ಗೆರೆ ಒಂದು ಮಹಾವೃತ್ತದ ಭಾಗವಾಗಿರುತ್ತದೆ. ವಿಮಾನಗಳ ‘ನೇರ ದಾರಿ’ ಎಂದರೆ ಇದೇ.

ಈ ವಿದ್ಯೆ ವಿಮಾನಕ್ಕಿಂತ ಬಹಳ ಹಳೆಯದು. ಹನ್ನೊಂದನೆಯ ಶತಮಾನದ ಮಹಾವಿದ್ವಾಂಸ ಅಲ್ ಬಿರೂನಿ ಘಜ್ನಿ ನಗರದಿಂದ ಕಿಬ್ಲಾದ ದಿಕ್ಕನ್ನು ಖಚಿತವಾಗಿ ನಿರ್ಧರಿಸಲು ಹೊರಟಾಗ ಬಗ್ದಾದ್ ಮತ್ತು ಘಜ್ನಿಗಳ ನಡುವಿನ ರೇಖಾಂಶದ ಅಂತರವನ್ನು ತಿಳಿಯಬೇಕಾಯಿತು. ಅವರ ಬಳಿ ಇದ್ದದ್ದು ನಡುವಿನ ನಗರಗಳ ಅಕ್ಷಾಂಶಗಳು ಮತ್ತು ವ್ಯಾಪಾರಿ ತಂಡಗಳು ಹೇಳುತ್ತಿದ್ದ ದಾರಿಯ ದೂರ. ದಾರಿಯ ಬಾಗು-ತಿರುವುಗಳಿಗೆಂದು ಆ ದೂರದಲ್ಲಿ ಒಂದಷ್ಟು ಕಡಿತ ಮಾಡಿ, ಉಳಿದದ್ದನ್ನು ಗೋಳದ ತ್ರಿಕೋನಗಳಿಗೆ ಅಳವಡಿಸಿ ಅವರು ಪಡೆದ ಉತ್ತರಕ್ಕೂ ಇಂದಿನ ಅಳತೆಗೂ ಅರ್ಧ ಡಿಗ್ರಿಯ ವ್ಯತ್ಯಾಸವೂ ಇಲ್ಲ. ನಡೆಯುವ ದಾರಿ ಬೇರೆ, ಭೂಮಿಯ ಮೇಲಿನ ನಿಜವಾದ ದೂರ ಬೇರೆ ಎಂಬ ವಿವೇಕ ಆ ಲೆಕ್ಕದಲ್ಲಿದೆ. ಈ ಲೇಖನದಲ್ಲಿ ಮುಂದೆ ಬರುವ ಎಲ್ಲ ವಿಷಯಗಳಿಗೂ ಆ ವಿವೇಕವೇ ಕೀಲಿಕೈ.

ಗೋಡೆಗೆ ತೂಗುಹಾಕಿದ ಸಮತಟ್ಟಾದ ಭೂಪಟ ಈ ವಿಷಯದಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ, ಮಹಿಳಾ ಪೈಲಟ್‌ಗಳೇ ನಡೆಸಿಕೊಂಡು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಲ್ಲೂ ಇಳಿಯದೆ ಬಂತು. ಸುಮಾರು 14,000 ಕಿ.ಮೀ. ದೂರದ ಈ ಪ್ರಯಾಣಕ್ಕೆ ಸುಮಾರು 17 ಗಂಟೆ ಹಿಡಿಯಿತು. ಭೂಪಟ ನೋಡಿದವರಿಗೆ ಅದು ಶಾಂತಸಾಗರವನ್ನು ಅಡ್ಡಲಾಗಿ ದಾಟಿ ಬರಬೇಕು ಎನಿಸುತ್ತದೆ. ಆದರೆ ಅದು ಬಂದದ್ದು ಉತ್ತರ ಧ್ರುವ ಪ್ರದೇಶದ ಮೇಲಿನಿಂದ. ಗೋಳದ ಮೇಲೆ ಒಂದು ದಾರ ಎಳೆದು ಹಿಡಿದರೆ ಕಾರಣ ತಾನಾಗಿಯೇ ತಿಳಿಯುತ್ತದೆ.

ಅದೇ ದಾರವನ್ನು ಲಂಡನ್ನಿನಿಂದ ಸಿಡ್ನಿಗೆ ಎಳೆದರೆ ಇನ್ನೊಂದು ಸಂಗತಿ ಕಾಣುತ್ತದೆ. ಅದು ಉತ್ತರ ಯುರೋಪ್, ರಷ್ಯಾ, ಮಧ್ಯ ಏಷ್ಯಾದ ಅಂಚು, ಚೀನಾ, ಇಂಡೋನೇಷ್ಯಾಗಳ ಮೂಲಕ ಹಾದು ಆಸ್ಟ್ರೇಲಿಯಾ ಸೇರುತ್ತದೆ. ಈಜಿಪ್ಟ್, ಇರಾಕ್, ಅರಬ್ ಕೊಲ್ಲಿ, ಭಾರತ ಇವುಗಳಲ್ಲಿ ಒಂದನ್ನೂ ಅದು ಮುಟ್ಟುವುದಿಲ್ಲ. ಆದರೆ ಈ ಮಾರ್ಗದ ಮೊದಲ ನಾಲ್ಕು ದಶಕಗಳ ಚರಿತ್ರೆ ನಡೆದದ್ದು ಬಹುಮಟ್ಟಿಗೆ ಈ ದೇಶಗಳಲ್ಲಿಯೇ.

ಹಡಗಿನ ಕಾಲ

1787ರ ಮೇ 13ರಂದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಿಂದ 11 ಹಡಗುಗಳು ಹೊರಟವು. ಶಿಕ್ಷೆಗೊಳಗಾದ ಕೈದಿಗಳನ್ನು ಆಸ್ಟ್ರೇಲಿಯಾದಲ್ಲಿ ನೆಲೆಗೊಳಿಸುವುದು ಈ ಯಾನದ ಉದ್ದೇಶವಾಗಿತ್ತು. ಟೆನೆರಿಫ್, ರಿಯೋ ಡಿ ಜನೈರೊ, ಕೇಪ್‌ಟೌನ್‌ಗಳನ್ನು ಹಾದು ಅವು ಸಿಡ್ನಿಯ ಸಮೀಪದ ಬಾಟನಿ ಕೊಲ್ಲಿಯನ್ನು ತಲುಪಿದ್ದು 1788ರ ಜನವರಿ ಮೂರನೆಯ ವಾರದಲ್ಲಿ. ಅಂದರೆ ಎಂಟು ತಿಂಗಳಿಗೂ ಹೆಚ್ಚು ಕಾಲ. ಗಾಳಿ ಬೀಸಿದತ್ತ ಹಡಗು ಸಾಗಬೇಕಾದ ಕಾಲವದು. ಭೂಗೋಳದ ಲೆಕ್ಕದ ದೂರಕ್ಕೂ ಹಡಗು ಕ್ರಮಿಸಿದ ದಾರಿಗೂ ಸಂಬಂಧವೇ ಇರಲಿಲ್ಲ.

ಹಬೆ ಯಂತ್ರ ಬಂದ ಮೇಲೆ, ಅದರಲ್ಲೂ 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಈ ಪ್ರಯಾಣ ಕ್ರಮೇಣ ಐದಾರು ವಾರಗಳಿಗೆ ಇಳಿಯಿತು. ಇಲ್ಲಿಯೂ ಗಮನಿಸಬೇಕಾದ ಅಂಶವಿದೆ. ಹಡಗಿನ ವೇಗದಷ್ಟೇ ಮುಖ್ಯವಾಗಿ ಕೆಲಸ ಮಾಡಿದ್ದು ಒಂದು ಕಾಲುವೆ, ಅಂದರೆ ಸಾವಿರಾರು ಈಜಿಪ್ಟ್ ಕೂಲಿಕಾರರು ಅಗೆದ ನೆಲ.

668 ಗಂಟೆಗಳ ಹಾರಾಟ

ಮೊದಲ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ಆಸ್ಟ್ರೇಲಿಯಾ ಸರಕಾರ ಒಂದು ಬಹುಮಾನ ಘೋಷಿಸಿತು. ಬ್ರಿಟನ್ನಿನಿಂದ ಆಸ್ಟ್ರೇಲಿಯಾಕ್ಕೆ 30 ದಿನಗಳೊಳಗೆ ವಿಮಾನದಲ್ಲಿ ಬರುವ ಮೊದಲ ಆಸ್ಟ್ರೇಲಿಯನ್ನರಿಗೆ 10,000 ಪೌಂಡ್. ಹಲವು ತಂಡಗಳು ಮುಂದೆ ಬಂದವು. ಅವುಗಳಲ್ಲಿ ಒಂದು ಲಂಡನ್ನಿನಿಂದ ಮೇಲೇರಿದ ಕೆಲವೇ ನಿಮಿಷಗಳಲ್ಲಿ ನೆಲಕ್ಕಪ್ಪಳಿಸಿ ಇಬ್ಬರು ಮೃತಪಟ್ಟರು. ಇನ್ನೊಂದು ಗ್ರೀಸಿನ ಕಾರ್ಫು ದ್ವೀಪದ ಬಳಿ ಸಮುದ್ರಕ್ಕೆ ಬಿದ್ದು ಮತ್ತಿಬ್ಬರು ಪ್ರಾಣ ಕಳೆದುಕೊಂಡರು.

ರಾಸ್ ಸ್ಮಿತ್ ಮತ್ತು ಕೀತ್ ಸ್ಮಿತ್ ಎಂಬ ಸಹೋದರರು ಜಿಮ್ ಬೆನೆಟ್, ವಾಲಿ ಷೀರ್ಸ್ ಎಂಬ ಇಬ್ಬರು ಮೆಕ್ಯಾನಿಕ್‌ಗಳೊಡನೆ ನವೆಂಬರ್ 12ರಂದು ಲಂಡನ್ನಿನ ಹೌನ್‌ಸ್ಲೋದಿಂದ ಹೊರಟರು. ಅವರದು ಯುದ್ಧಕ್ಕೆಂದು ತಯಾರಾದ ‘ವಿಕರ್ಸ್ ವಿಮಿ’ ಎಂಬ ಎರಡು ಎಂಜಿನ್‌ಗಳ ಬಾಂಬರ್ ವಿಮಾನ. ಪೈಲಟ್ ಕೂರುವ ಜಾಗಕ್ಕೆ ಮೇಲ್ಛಾವಣಿ ಇರಲಿಲ್ಲ. ಚಳಿ, ಮಳೆಗಳಿಗೆ ಮುಖ ಒಡ್ಡಿಯೇ ಹಾರಬೇಕಿತ್ತು. ರೋಮ್, ಕೈರೋ, ಡಮಾಸ್ಕಸ್, ಬಸ್ರಾ, ಬಂದರ್ ಅಬ್ಬಾಸ್, ಕರಾಚಿ, ದೆಹಲಿ, ಅಲಹಾಬಾದ್, ಕಲ್ಕತ್ತಾ, ರಂಗೂನ್, ಸಿಂಗಾಪುರ ಹೀಗೆ ಊರಿಂದ ಊರಿಗೆ ಜಿಗಿಯುತ್ತ ಅವರು ಡಿಸೆಂಬರ್ 10ರಂದು ಆಸ್ಟ್ರೇಲಿಯಾದ ಡಾರ್ವಿನ್ ತಲುಪಿದರು. ಒಟ್ಟು 27 ದಿನ 20 ಗಂಟೆ. ಗಂಟೆಗಳ ಲೆಕ್ಕದಲ್ಲಿ ಹೇಳುವುದಾದರೆ 668.

ಈ 668 ಗಂಟೆಗಳಲ್ಲಿ ವಿಮಾನ ಆಕಾಶದಲ್ಲಿ ಇದ್ದದ್ದು ಸುಮಾರು 136 ಗಂಟೆ ಮಾತ್ರ. ಉಳಿದ 532 ಗಂಟೆಗಳೂ ನೆಲದ ಮೇಲೆಯೇ ಕಳೆದವು. ಪೆಟ್ರೋಲ್ ಡಬ್ಬಗಳಿಂದ ಟ್ಯಾಂಕ್ ತುಂಬಿಸುವುದು, ಎಂಜಿನ್ ಬಿಚ್ಚಿ ಶುಚಿಗೊಳಿಸುವುದು, ಹವಾಮಾನ ತಿಳಿಯಾಗಲೆಂದು ಕಾಯುವುದು, ರಾತ್ರಿ ತಂಗುವುದು, ಕೆಸರಿನಲ್ಲಿ ಹೂತ ಗಾಲಿಗಳನ್ನು ಎತ್ತುವುದು ಇದೇ ದೊಡ್ಡ ಕೆಲಸವಾಗಿತ್ತು.

ಈ ಕೆಲಸಗಳಲ್ಲಿ ಹೆಗಲು ಕೊಟ್ಟವರ ಹೆಸರುಗಳು ದಾಖಲೆಗಳಲ್ಲಿ ಸಿಗುವುದಿಲ್ಲ. ಇರಾಕಿನ ರಮಾದಿಯಲ್ಲಿ ರಾತ್ರಿ ಬಿರುಗಾಳಿ ಎದ್ದು ವಿಮಾನ ತಲೆಕೆಳಗಾಗುವ ಸ್ಥಿತಿ ಬಂದಾಗ ಅಲ್ಲಿ ಬೀಡುಬಿಟ್ಟಿದ್ದ ಭಾರತೀಯ ಅಶ್ವದಳದ ಸೈನಿಕರು ಅದನ್ನು ಕೈಯಿಂದಲೇ ಹಿಡಿದು ನಿಲ್ಲಿಸಿದರು. ಜಾವಾ ದ್ವೀಪದ ಸುರಬಯಾದಲ್ಲಿ ವಿಮಾನ ಕೆಸರಿನಲ್ಲಿ ಹೂತುಹೋದಾಗ ಊರವರ ಮನೆಗಳಿಂದ ಬಿದಿರಿನ ಚಾಪೆಗಳನ್ನು ತಂದು ಹಾಸಿ ಓಡುದಾರಿ ನಿರ್ಮಿಸಲಾಯಿತು. ಆ ಚಾಪೆಗಳು ಇಲ್ಲದಿದ್ದರೆ ವಿಮಾನ ಅಲ್ಲಿಂದ ಮೇಲೇಳುತ್ತಿರಲಿಲ್ಲ. ಬಹುಮಾನ ಪಡೆದವರು ನಾಲ್ವರು. ಆ ಪ್ರಯಾಣವನ್ನು ಸಾಧ್ಯ ಮಾಡಿದವರು ನೂರಾರು ಮಂದಿ.

ಈ ಸಾಹಸಿಗಳಲ್ಲಿ ರಾಸ್ ಸ್ಮಿತ್ ಮತ್ತು ಬೆನೆಟ್ 1922ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಂದು ವಿಮಾನವನ್ನು ಪರೀಕ್ಷಿಸುವಾಗ ಅಪಘಾತದಲ್ಲಿ ತೀರಿಕೊಂಡರು. ಅವರು ಹಾರಿಸಿದ ವಿಮಿ ವಿಮಾನವನ್ನು ಆಸ್ಟ್ರೇಲಿಯಾದ ಅಡಿಲೇಡ್ ನಗರದ ವಿಮಾನ ನಿಲ್ದಾಣದಲ್ಲಿ ಕಾಪಾಡಿಕೊಂಡು ಬರಲಾಗಿದೆ. ಅದೇ ದಾರಿಯಲ್ಲಿ 1920ರ ಜನವರಿಯಲ್ಲಿ ಹೊರಟ ಪೇರರ್ ಮತ್ತು ಮೆಕಿಂಟೋಷ್ ಎಂಬವರು ಡಾರ್ವಿನ್ ತಲುಪಿದ್ದು ಆಗಸ್ಟ್‌ನಲ್ಲಿ. ಅದೇ ದೂರ, ಅದೇ ಕಾಲಘಟ್ಟದ ವಿಮಾನ; ಆದರೆ ದಾರಿಯುದ್ದಕ್ಕೂ ಕೆಟ್ಟು ನಿಂತದ್ದರಿಂದ ಏಳು ತಿಂಗಳಿಗೆ ಸಮೀಪ ಕಾಲ ಹಿಡಿಯಿತು.

ಆಕಾಶಕ್ಕೂ ಅಪ್ಪಣೆ ಬೇಕು

ಸ್ಮಿತ್ ಸಹೋದರರು ಹೊರಡುವುದಕ್ಕೆ ಒಂದು ತಿಂಗಳ ಮೊದಲು, 1919ರ ಅಕ್ಟೋಬರ್ 13ರಂದು, ಪ್ಯಾರಿಸ್‌ನಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಪೂರ್ಣ ಒಡೆತನವಿದೆ ಎಂಬುದು ಅದರ ಮುಖ್ಯ ತತ್ತ್ವ. ಸಮುದ್ರದಲ್ಲಿ ಹಡಗಿಗೆ ಇರುವ ಸ್ವಾತಂತ್ರ್ಯ ಆಕಾಶದಲ್ಲಿ ವಿಮಾನಕ್ಕೆ ಇಲ್ಲ. 1944ರ ಷಿಕಾಗೊ ಒಪ್ಪಂದವೂ ಇದೇ ತತ್ತ್ವವನ್ನು ಮುಂದುವರಿಸಿತು. ವಿಮಾನ ಪ್ರಯಾಣದ ಕಾಲವನ್ನು ನಿರ್ಧರಿಸುವಲ್ಲಿ ಎಂಜಿನ್ನಿನಷ್ಟೇ ಈ ತತ್ತ್ವವೂ ಪಾತ್ರ ವಹಿಸಿದೆ.

1929ರ ಮಾರ್ಚ್ 30ರಂದು ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ಲಂಡನ್–ಕರಾಚಿ ಸೇವೆಯನ್ನು ಆರಂಭಿಸಿತು. ಪ್ರಯಾಣಕ್ಕೆ ಏಳು ದಿನ. ಆದರೆ ಅದು ಪೂರ್ತಿ ವಿಮಾನ ಪ್ರಯಾಣವಾಗಿರಲಿಲ್ಲ. ಗಡಿ ದಾಟಿ ಹಾರಲು ಅನುಮತಿ ದೊರೆಯದ ಕಾರಣ ಪ್ರಯಾಣಿಕರು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇಳಿದು, ಇಟಲಿಯ ಜಿನೋವಾವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ನೀರಿನ ಮೇಲೆ ಇಳಿಯುವ ವಿಮಾನ ಹತ್ತಬೇಕಾಗಿತ್ತು. ಆಲ್ಪ್ಸ್ ಪರ್ವತಕ್ಕಿಂತ ಕಾಗದಪತ್ರದ ಪರ್ವತವೇ ಎತ್ತರವಾಗಿತ್ತು ಎನ್ನಬಹುದು.

ಪರ್ಷಿಯಾ ದೇಶ ತನ್ನ ಕರಾವಳಿಯ ಮೇಲೆ ಹಾರಲು ಕೊಟ್ಟಿದ್ದ ಅನುಮತಿ 1932ರಲ್ಲಿ ಮುಗಿಯಿತು. ಆಗ ಬ್ರಿಟಿಷರು ಕೊಲ್ಲಿಯ ಅರಬ್ ದಂಡೆಯತ್ತ ತಿರುಗಿದರು. ಶಾರ್ಜಾದ ಅಂದಿನ ಆಡಳಿತಗಾರ ಶೇಖ್ ಸುಲ್ತಾನ್ ಬಿನ್ ಸಕರ್ ಅಲ್ ಕಾಸಿಮಿ ಅವರೊಡನೆ ಆ ವರ್ಷದ ಜುಲೈಯಲ್ಲಿ ಒಪ್ಪಂದವಾಯಿತು. ಬಾಡಿಗೆ ನಿಗದಿಯಾದದ್ದು ರೂಪಾಯಿಗಳಲ್ಲಿ. ಆಗ ಕೊಲ್ಲಿಯಲ್ಲಿ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು. ಅಕ್ಟೋಬರ್ 5ರಂದು ಮೊದಲ ವಿಮಾನ ಮರಳುನೆಲದ ಮೇಲೆ ಇಳಿಯಿತು. ಪ್ರಯಾಣಿಕರು ರಾತ್ರಿ ತಂಗಲು ಕೋಟೆಯಂಥ ವಿಶ್ರಾಂತಿಗೃಹವೊಂದನ್ನು ಕಟ್ಟಲಾಯಿತು. ಇಂದು ಅದು ‘ಅಲ್ ಮಹತ್ತಾ’ ಎಂಬ ಹೆಸರಿನ ವಸ್ತುಸಂಗ್ರಹಾಲಯ. ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳಿಗೆ ಉದ್ಯೋಗದ ಊರಾಗಿ ಪರಿಚಿತವಾದ ಶಾರ್ಜಾ ವಿಮಾನ ಭೂಪಟದಲ್ಲಿ ಕಾಣಿಸಿಕೊಂಡದ್ದು ಹೀಗೆ. ಪೆಟ್ರೋಲಿಯಂ ಸಂಪತ್ತು ಬರುವುದಕ್ಕೆ ಬಹಳ ಮೊದಲೇ ಲಂಡನ್ ಮತ್ತು ಭಾರತದ ನಡುವಿನ ಒಂದು ರಾತ್ರಿಯ ತಂಗುದಾಣವಾಗಿ ಅದು ಆ ಭೂಪಟದಲ್ಲಿ ಸ್ಥಾನ ಪಡೆಯಿತು.

ಅದಾದ ಹತ್ತೇ ದಿನಗಳಿಗೆ, 1932ರ ಅಕ್ಟೋಬರ್ 15ರಂದು, ಜೆ.ಆರ್.ಡಿ. ಟಾಟಾ ಕರಾಚಿಯಿಂದ ಬೊಂಬಾಯಿಗೆ ಟಪಾಲು ಹೊತ್ತ ಪುಟ್ಟ ವಿಮಾನವನ್ನು ಹಾರಿಸಿಕೊಂಡು ಬಂದರು. ಲಂಡನ್ನಿನಿಂದ ಕರಾಚಿಗೆ ಬಂದ ಪತ್ರಗಳನ್ನು ದಕ್ಷಿಣಕ್ಕೆ ಮುಟ್ಟಿಸುವುದು ಆ ಸೇವೆಯ ಉದ್ದೇಶ. ಬೊಂಬಾಯಿಯಿಂದ ನೆವಿಲ್ ವಿನ್ಸೆಂಟ್ ಅದನ್ನು ನಮ್ಮ ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಹೀಗೆ ಈ ಮಹಾಮಾರ್ಗದ ಒಂದು ಕವಲು ಕನ್ನಡ ನಾಡಿನ ನೆಲವನ್ನೂ ಮುಟ್ಟಿತು.

1935ರ ಏಪ್ರಿಲ್‌ನಿಂದ ಲಂಡನ್ನಿನಿಂದ ಆಸ್ಟ್ರೇಲಿಯಾದ ಬ್ರಿಸ್ಬೇನ್‌ವರೆಗೆ ಪ್ರಯಾಣಿಕರ ಸೇವೆ ಆರಂಭವಾಯಿತು. ಸಿಂಗಾಪುರದವರೆಗೆ ಇಂಪೀರಿಯಲ್ ಏರ್‌ವೇಸ್ ಮತ್ತು ಅದರ ಸಹಸಂಸ್ಥೆಗಳು, ಅಲ್ಲಿಂದ ಮುಂದೆ ಆಸ್ಟ್ರೇಲಿಯಾದ ಕ್ವಾಂಟಾಸ್. ಮಾರ್ಗದ ಉದ್ದ ಸುಮಾರು 20,500 ಕಿ.ಮೀ., ಅವಧಿ ಹನ್ನೆರಡೂವರೆ ದಿನ, ಒಂದು ಕಡೆಯ ಟಿಕೆಟ್ 195 ಪೌಂಡ್. ಸಾಮಾನ್ಯ ದುಡಿಮೆಗಾರನಿಗೆ ಅದು ಎಟುಕದ ಮೊತ್ತ. 1938ರಲ್ಲಿ ‘ಎಂಪೈರ್’ ಎಂಬ ದೊಡ್ಡ ಜಲವಿಮಾನಗಳು ಬಂದು ಸಿಡ್ನಿಯಿಂದ ಇಂಗ್ಲೆಂಡಿನ ಸೌತಾಂಪ್ಟನ್‌ವರೆಗಿನ ಪ್ರಯಾಣವನ್ನು ಒಂಬತ್ತು-ಹತ್ತು ದಿನಗಳಿಗೆ ಇಳಿಸಿದವು. ಇವುಗಳಿಗೆ ಓಡುದಾರಿ ಬೇಕಾಗಿರಲಿಲ್ಲ, ಕೆರೆ ಸಾಕಿತ್ತು. ರಾಜಸ್ಥಾನದ ರಾಜಸಮಂದ್ ಸರೋವರ, ಗ್ವಾಲಿಯರ್ ಸಮೀಪದ ಮಾಧೋ ಸಾಗರ ಜಲಾಶಯಗಳು ಕೆಲವು ವರ್ಷ ಲಂಡನ್–ಸಿಡ್ನಿ ಮಾರ್ಗದ ನಿಲ್ದಾಣಗಳಾಗಿದ್ದವು ಎಂದರೆ ಇಂದು ನಂಬುವುದು ಕಷ್ಟ.

ಯುದ್ಧ ಕಡಿದ ದಾರಿ

ಇಷ್ಟು ವರ್ಷಗಳ ಪ್ರಯತ್ನದಿಂದ ಕಟ್ಟಿದ ಮಾರ್ಗ ಎರಡೇ ವರ್ಷಗಳಲ್ಲಿ ಛಿದ್ರವಾಯಿತು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿದಾಗ ಮೆಡಿಟರೇನಿಯನ್ ದಾರಿ ಮುಚ್ಚಿತು. 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನಿನ ವಶವಾದಾಗ ಪೂರ್ವದ ಕೊಂಡಿಯೂ ಕಳಚಿತು.

ಆಗ ಕಂಡುಕೊಂಡ ಉಪಾಯ ವಿಮಾನಯಾನದ ಇತಿಹಾಸದಲ್ಲಿ ಅಪೂರ್ವವಾದುದು. 1943ರ ಜುಲೈನಿಂದ 1945ರ ಜುಲೈವರೆಗೆ ಕ್ವಾಂಟಾಸ್ ಸಿಬ್ಬಂದಿ ಆಸ್ಟ್ರೇಲಿಯಾದ ಪರ್ತ್ ನಗರದಿಂದ ಸಿಂಹಳದ ಗಾಲೆ ಬಳಿಯ ಕೊಗ್ಗಲ ಸರೋವರಕ್ಕೆ ‘ಕ್ಯಾಟಲೀನಾ’ ಜಲವಿಮಾನಗಳನ್ನು ಹಾರಿಸಿದರು. ದೂರ 5,600 ಕಿ.ಮೀ.ಗೂ ಹೆಚ್ಚು, ನಡುವೆ ಹಿಂದೂ ಮಹಾಸಾಗರ ಬಿಟ್ಟರೆ ಬೇರೇನೂ ಇಲ್ಲ. ವೇಗ ಗಂಟೆಗೆ 200 ಕಿ.ಮೀ. ಆಸುಪಾಸು. ಇಂಧನದ ಭಾರವೇ ಹೆಚ್ಚಾಗಿ, ಮೂವರಿಗಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯಲು ಸಾಧ್ಯವಿರಲಿಲ್ಲ. ಶತ್ರುಗಳಿಗೆ ಸುಳಿವು ಸಿಗಬಾರದೆಂದು ರೇಡಿಯೋ ಮೌನ ಪಾಲಿಸಿ, ನಕ್ಷತ್ರಗಳನ್ನು ನೋಡಿ ದಿಕ್ಕು ಹಿಡಿಯುತ್ತಿದ್ದರು. ಪ್ರಯಾಣಕ್ಕೆ 27ರಿಂದ 32 ಗಂಟೆ ಬೇಕಾಗುತ್ತಿದ್ದುದರಿಂದ ಒಂದೇ ಹಾರಾಟದಲ್ಲಿ ಎರಡು ಸೂರ್ಯೋದಯಗಳು ಕಾಣುತ್ತಿದ್ದವು. ಹೀಗಾಗಿ ಇದಕ್ಕೆ ‘ಇಮ್ಮಡಿ ಸೂರ್ಯೋದಯ’ ಎಂಬ ಅರ್ಥದ ಹೆಸರೇ ಬಂತು. ಎರಡು ವರ್ಷಗಳಲ್ಲಿ 271 ಬಾರಿ ಸಾಗರ ದಾಟಿದರೂ ಒಂದು ವಿಮಾನವೂ ನಷ್ಟವಾಗಲಿಲ್ಲ.

ಒಂದೊಂದಾಗಿ ಬಿಟ್ಟುಹೋದ ನಿಲ್ದಾಣಗಳು

1947ರ ಡಿಸೆಂಬರ್ 1ರಂದು ಕ್ವಾಂಟಾಸ್ ತನ್ನ ‘ಕಾನ್‌ಸ್ಟಲೇಷನ್’ ವಿಮಾನದಿಂದ ಸಿಡ್ನಿ–ಲಂಡನ್ ಸೇವೆಯನ್ನು ಪ್ರಾರಂಭಿಸಿತು. ಡಾರ್ವಿನ್, ಸಿಂಗಾಪುರ, ಕಲ್ಕತ್ತಾ, ಕರಾಚಿ, ಕೈರೋ, ಟ್ರಿಪೋಲಿ ಹೀಗೆ ಆರು ನಿಲುಗಡೆಗಳು. ನೆಗೆನೆಗೆದು ಸಾಗುವ ಈ ಪ್ರಯಾಣಕ್ಕೆ ‘ಕಾಂಗರೂ ಮಾರ್ಗ’ ಎಂಬ ಹೆಸರು ನಿಂತಿತು. ಮೊದಲ ಹಾರಾಟದಲ್ಲಿ 29 ಪ್ರಯಾಣಿಕರೂ 11 ಸಿಬ್ಬಂದಿಯೂ ಇದ್ದರು. ಒಟ್ಟು ಅವಧಿ ನಾಲ್ಕು ದಿನ. ಆಕಾಶದಲ್ಲಿ ಕಳೆದದ್ದು ಸುಮಾರು 55 ಗಂಟೆ.

1959ರಲ್ಲಿ ಬೋಯಿಂಗ್ 707 ಜೆಟ್ ವಿಮಾನ ಬಂದ ಮೇಲೆ ಪ್ರಯಾಣ ಒಂದೂವರೆ ದಿನದೊಳಗೆ ಮುಗಿಯತೊಡಗಿತು. 1971ರಲ್ಲಿ ಕ್ವಾಂಟಾಸ್ ಬಳಗ ಸೇರಿದ ಜಂಬೋ ಜೆಟ್ 747 ನೂರಾರು ಜನರನ್ನು ಒಟ್ಟಿಗೆ ಹೊತ್ತೊಯ್ದು, ಶ್ರೀಮಂತರ ಪ್ರಯಾಣವನ್ನು ಮಧ್ಯಮವರ್ಗದವರ ಕೈಗೂ ಎಟುಕುವಂತೆ ಮಾಡಿತು. ಟ್ಯಾಂಕ್ ದೊಡ್ಡದಾದಂತೆ ಒಂದೊಂದೇ ನಿಲ್ದಾಣ ಪಟ್ಟಿಯಿಂದ ಹೊರಬಿತ್ತು. ಕಲ್ಕತ್ತಾ, ಕರಾಚಿ, ಕೈರೋಗಳ ಕೆಳಗಿನ ದೀಪಗಳನ್ನೂ ಗಮನಿಸದೆ ವಿಮಾನಗಳು ಮುಂದೆ ಸಾಗಿದವು.

1989ರ ಆಗಸ್ಟ್‌ನಲ್ಲಿ ಕ್ವಾಂಟಾಸ್‌ನ ಹೊಸ 747-400 ವಿಮಾನ ಲಂಡನ್ನಿನಿಂದ ಸಿಡ್ನಿಗೆ ಎಲ್ಲೂ ಇಳಿಯದೆ 20 ಗಂಟೆ 9 ನಿಮಿಷಗಳಲ್ಲಿ ಬಂತು. ಆದರೆ ಅದರಲ್ಲಿ ಟಿಕೆಟ್ ಪಡೆದ ಪ್ರಯಾಣಿಕರಿರಲಿಲ್ಲ. ವಿಶೇಷವಾಗಿ ತಯಾರಿಸಿದ ಸಾಂದ್ರ ಇಂಧನ ತುಂಬಿಸಿ, ಅದರ ಒಂದು ಹನಿಯೂ ನೆಲದ ಮೇಲೆ ಖರ್ಚಾಗಬಾರದೆಂದು ವಿಮಾನವನ್ನು ಓಡುದಾರಿಯವರೆಗೆ ಎಳೆದುಕೊಂಡು ಹೋಗಲಾಗಿತ್ತು. ದೂರವನ್ನು ಗೆಲ್ಲಬಹುದು, ಆದರೆ ಪ್ರಯಾಣಿಕರನ್ನು ಬಿಟ್ಟುಬರಬೇಕು ಎಂಬುದು ಅಂದಿನ ಸ್ಥಿತಿ.

2018ರ ಮಾರ್ಚ್‌ನಲ್ಲಿ ಪರ್ತ್–ಲಂಡನ್ ನೇರ ಸೇವೆ ಆರಂಭವಾದಾಗ ಆಸ್ಟ್ರೇಲಿಯಾ ಮತ್ತು ಯುರೋಪ್ ಮೊದಲ ಬಾರಿಗೆ ನಿಲುಗಡೆಯಿಲ್ಲದ ನಿಯಮಿತ ಸೇವೆಯಿಂದ ಜೋಡಿಸಲ್ಪಟ್ಟವು. ಸುಮಾರು 14,500 ಕಿ.ಮೀ., ಸುಮಾರು 17 ಗಂಟೆ. 2019ರ ನವೆಂಬರ್‌ನಲ್ಲಿ ಬೋಯಿಂಗ್ 787 ವಿಮಾನವೊಂದು 52 ಮಂದಿಯೊಡನೆ ಲಂಡನ್ನಿನಿಂದ ಸಿಡ್ನಿಗೆ ಪ್ರಾಯೋಗಿಕ ನೇರ ಹಾರಾಟ ನಡೆಸಿತು. ಅವರೂ ಎರಡು ಸೂರ್ಯೋದಯಗಳನ್ನು ಕಂಡರು. ಯುದ್ಧಕಾಲದ ಹಾರಾಟಗಳ ನೆನಪಿಗಾಗಿ ಈ ಯೋಜನೆಗೆ ‘ಸೂರ್ಯೋದಯ’ ಎಂಬ ಅರ್ಥದ ಹೆಸರನ್ನೇ ಇಡಲಾಗಿದೆ. ಇದೇ ಯೋಜನೆಗಾಗಿ 2022ರಲ್ಲಿ ಕ್ವಾಂಟಾಸ್ 12 ಏರ್‌ಬಸ್ ಎ350-1000 ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. ಅವುಗಳ ವಿನ್ಯಾಸದಲ್ಲಿ 20,000 ಲೀಟರ್‌ಗಳ ಹೆಚ್ಚುವರಿ ಇಂಧನ ಟ್ಯಾಂಕ್ ಸೇರಿದೆ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಪುಟ್ಟ ಲೆಕ್ಕ. 2019ರ ಆ ವಿಮಾನ ಲಂಡನ್ ಬಿಟ್ಟದ್ದು ನವೆಂಬರ್ 14ರ ಬೆಳಿಗ್ಗೆ 6 ಗಂಟೆ 9 ನಿಮಿಷಕ್ಕೆ. ಸಿಡ್ನಿ ಮುಟ್ಟಿದ್ದು ಮರುದಿನ ಮಧ್ಯಾಹ್ನ 12 ಗಂಟೆ 28 ನಿಮಿಷಕ್ಕೆ. ಗಡಿಯಾರ ನೋಡಿದರೆ 30 ಗಂಟೆ 19 ನಿಮಿಷ ಆದಂತೆ ತೋರುತ್ತದೆ. ಆದರೆ ಆ ದಿನಗಳಲ್ಲಿ ಸಿಡ್ನಿಯ ಗಡಿಯಾರ ಲಂಡನ್ನಿನದಕ್ಕಿಂತ 11 ಗಂಟೆ ಮುಂದಿತ್ತು. ಅದನ್ನು ಕಳೆದರೆ ಉಳಿಯುವುದು 19 ಗಂಟೆ 19 ನಿಮಿಷ. ಇದೇ ನಿಜವಾದ ಹಾರಾಟದ ಅವಧಿ. ಇನ್ನೊಂದು ಅಂಶ: 1989ರ ಮತ್ತು 2019ರ ಈ ಎರಡೂ ಹಾರಾಟಗಳು ಲಂಡನ್ನಿನಿಂದ ಪೂರ್ವಕ್ಕೆ ಸಾಗಿದವು. ಎತ್ತರದ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾಗಿ ಬೀಸುವ ಗಾಳಿ ಪೂರ್ವದತ್ತ ಹೋಗುವವರಿಗೆ ನೆರವಾಗುತ್ತದೆ, ಪಶ್ಚಿಮಕ್ಕೆ ಹೋಗುವವರನ್ನು ತಡೆಯುತ್ತದೆ. ದೂರ ಒಂದೇ ಆದರೂ ಹೋಗುವ ಕಾಲಕ್ಕೂ ಬರುವ ಕಾಲಕ್ಕೂ ವ್ಯತ್ಯಾಸ ಬರಲು ಇದು ಕಾರಣ.

ಏಳು ಪಟ್ಟು ಮತ್ತು ಐದು ಪಟ್ಟು

ಈಗ ಆರಂಭದ ಪ್ರಶ್ನೆಗೆ ಬರೋಣ. 1919ರ ವಿಮಾನ ಸುಮಾರು 18,000 ಕಿ.ಮೀ. ದೂರವನ್ನು 136 ಗಂಟೆ ಹಾರಿ ಕ್ರಮಿಸಿತು. ಅಂದರೆ ಗಂಟೆಗೆ ಸುಮಾರು 130 ಕಿ.ಮೀ. ವೇಗ. 2019ರ ವಿಮಾನ ಗಂಟೆಗೆ 900 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ವೇಗದಲ್ಲಿ ಬಂತು. ಹೀಗೆ ನೂರು ವರ್ಷಗಳಲ್ಲಿ ವೇಗ ಹೆಚ್ಚಿದ್ದು ಸುಮಾರು ಏಳು ಪಟ್ಟು. ಆದರೆ ಒಟ್ಟು ಕಾಲ 668 ಗಂಟೆಗಳಿಂದ ಸುಮಾರು 19 ಗಂಟೆಗೆ ಇಳಿಯಿತು. ಅದು ಸುಮಾರು 35 ಪಟ್ಟು ಇಳಿಕೆ. ವೇಗದ ಪಾಲು ಏಳಾದರೆ ಉಳಿದ ಐದು ಪಟ್ಟು ಎಲ್ಲಿಂದ ಬಂತು?

ಅದು ಬಂದದ್ದು ನೆಲದ ಮೇಲೆ ಕಾಯುವುದು ತಪ್ಪಿದ್ದರಿಂದ. ಭದ್ರವಾದ ಓಡುದಾರಿಗಳು, ಕೆಡದೆ ಓಡುವ ಎಂಜಿನ್‌ಗಳು, ಹವಾಮಾನ ವರದಿ, ರಾತ್ರಿಯೂ ದಾರಿ ತೋರುವ ಉಪಕರಣಗಳು, ಇಂಧನ ಉಳಿಸುವ ವಿನ್ಯಾಸ, ದೇಶ-ದೇಶಗಳ ನಡುವಿನ ಒಪ್ಪಂದಗಳು ಇವೆಲ್ಲ ಸೇರಿ ಆ ಐದು ಪಟ್ಟನ್ನು ಸಾಧಿಸಿದವು. ವೇಗವಾಗಿ ಓಡುವವನೂ ಹೆಜ್ಜೆಗೊಮ್ಮೆ ನಿಲ್ಲಬೇಕಾದರೆ ಊರು ಸೇರುವುದು ತಡವಾಗುತ್ತದೆ. ಆ ನಿಲುಗಡೆಗಳನ್ನು ತಪ್ಪಿಸಿದವರಲ್ಲಿ ಪೈಲಟ್‌ಗಳಿಗಿಂತ ಎಂಜಿನಿಯರ್, ಹವಾಮಾನ ತಜ್ಞ, ರೇಡಿಯೋ ಸಿಬ್ಬಂದಿ, ಓಡುದಾರಿ ಕಟ್ಟಿದ ಕಾರ್ಮಿಕ ಮತ್ತು ಒಪ್ಪಂದದ ಮೇಜಿನ ಮುಂದೆ ಕುಳಿತ ಅಧಿಕಾರಿಗಳ ಸಂಖ್ಯೆಯೇ ದೊಡ್ಡದು.

ಗಳಿಸಿದ ಕಾಲ ಮತ್ತೆ ಕೈತಪ್ಪಬಹುದು

ಒಮ್ಮೆ ಗಳಿಸಿದ ಕಾಲ ಶಾಶ್ವತವಾಗಿ ನಮ್ಮದೇ ಎಂದು ಭಾವಿಸುವಂತಿಲ್ಲ. 2019ರ ಆ ಹಾರಾಟ ರಷ್ಯಾ, ಕಜಕಿಸ್ತಾನ, ಚೀನಾಗಳ ಮೇಲೆ ಹಾದುಬಂದಿತ್ತು. 2022ರ ಫೆಬ್ರವರಿಯಲ್ಲಿ ಯುಕ್ರೇನ್ ಯುದ್ಧ ಆರಂಭವಾದ ಮೇಲೆ ಪಾಶ್ಚಾತ್ಯ ದೇಶಗಳೂ ರಷ್ಯಾವೂ ಪರಸ್ಪರ ಆಕಾಶದ ಬಾಗಿಲು ಮುಚ್ಚಿದವು. ಫಿನ್ಲೆಂಡಿನ ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆ ಆಸುಪಾಸಿನಲ್ಲಿ ಮುಗಿಯುತ್ತಿದ್ದ ಪ್ರಯಾಣ ಸುಮಾರು 13 ಗಂಟೆಗೆ ಏರಿತು. 2024ರ ಆಗಸ್ಟ್‌ನಲ್ಲಿ ಪಶ್ಚಿಮ ಏಷ್ಯಾದ ಉದ್ವಿಗ್ನತೆಯಿಂದಾಗಿ ಪರ್ತ್–ಲಂಡನ್ ವಿಮಾನ ದಾರಿ ಬದಲಿಸಬೇಕಾಗಿ, ಸುತ್ತು ದಾರಿಗೆ ಇಂಧನ ಸಾಲದೆ, ಸ್ವಲ್ಪ ಕಾಲ ಮತ್ತೆ ಸಿಂಗಾಪುರದಲ್ಲಿ ಇಳಿಯಬೇಕಾಯಿತು. ಅತ್ಯಾಧುನಿಕ ವಿಮಾನವೂ 1947ರ ನಿಲ್ದಾಣಕ್ಕೆ ಮರಳಿತು. ಎಂಜಿನ್ನಿನ ಶಕ್ತಿ ಕುಂದಿರಲಿಲ್ಲ. ಮನುಷ್ಯರ ನಡುವಿನ ವಿಶ್ವಾಸ ಕುಂದಿತ್ತು.

ಆದ್ದರಿಂದ ಎರಡು ನಗರಗಳ ನಡುವಿನ ‘ದೂರ’ ಮತ್ತು ‘ಪ್ರಯಾಣದ ಅವಧಿ’ ಎಂಬ ಎರಡು ಅಂಕಿಗಳನ್ನು ಓದುವಾಗ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ನೆನಪಿಡಬೇಕು. ಮೊದಲನೆಯ ಅಂಕಿಯನ್ನು ಗಣಿತ ಹೇಳುತ್ತದೆ. ಅಲ್ ಬಿರೂನಿಯವರ ಕಾಲದಲ್ಲಿಯೂ ಅದನ್ನು ಕೋಣೆಯಲ್ಲಿ ಕುಳಿತು ಕಂಡುಹಿಡಿಯಬಹುದಿತ್ತು. ಎರಡನೆಯದನ್ನು ಗಣಿತವೊಂದೇ ಹೇಳಲಾರದು. ಅದಕ್ಕೆ ವಿಜ್ಞಾನ ಬೇಕು, ದುಡಿಮೆ ಬೇಕು, ನೆರೆಯವರ ಒಪ್ಪಿಗೆ ಬೇಕು.

ಶಾಲೆಯಲ್ಲಿ ಭೂಗೋಳದ ಗೋಳ ಸಿಕ್ಕಾಗ ಒಂದು ದಾರ ತೆಗೆದುಕೊಂಡು ಲಂಡನ್ ಮತ್ತು ಸಿಡ್ನಿಗಳ ಮೇಲೆ ಬಿಗಿಯಾಗಿ ಹಿಡಿದು ನೋಡಿರಿ. ಆ ದಾರದ ಕೆಳಗೆ ಬರುವ ದೇಶಗಳ ಹೆಸರುಗಳನ್ನು ಒಂದೊಂದಾಗಿ ಬರೆದುಕೊಳ್ಳಿರಿ. ನಂತರ 1919ರ ವಿಮಾನ ಇಳಿದ ಊರುಗಳನ್ನು ಗುರುತಿಸಿರಿ. ಈ ಎರಡು ದಾರಿಗಳ ನಡುವಿನ ವ್ಯತ್ಯಾಸ ಏಕೆ ಬಂತೆಂದು ವಿಚಾರ ಮಾಡುತ್ತ ಹೋದರೆ ಇಪ್ಪತ್ತನೆಯ ಶತಮಾನದ ಚರಿತ್ರೆಯ ಬಹುಭಾಗ ನಿಮ್ಮ ಕಣ್ಣ ಮುಂದೆ ಬಿಚ್ಚಿಕೊಳ್ಳುತ್ತದೆ.